ಮಂತ್ರಿ ತಿಂದ ಹೋಳಿಗೆ, ಸಣ್ಣೀರಮ್ಮನ ಗೋಡೆ

ಬನ್ರೋ ಮಕ್ಕಳಾ, ಹತ್ತಿರ ಕೂತ್ಕೊಳ್ಳಿ. ಈಗ ಹೇಳೋದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಈ ಮೀಸೆ ಇಲ್ಲೇ ಉದುರಿಹೋಗಲಿ. ಸಾಮಾನ್ಯ ಮೀಸೆಯಲ್ಲ ಇದು, ಹುಲಿಯೇ ನೋಡಿ ದಾರಿ ಬಿಟ್ಟ ಮೀಸೆ!

ಮೂಡಲಕಟ್ಟೆ ಅಂತೊಂದು ರಾಜ್ಯ. ಅಲ್ಲಿ ಉದ್ದಂಡವರ್ಮ ಅಂತೊಬ್ಬ ರಾಜ. ಅವನಿಗೆ ಶೇಷಯ್ಯ ಅಂತೊಬ್ಬ ಮಂತ್ರಿ. ಅರಮನೆಯ ಅಡುಗೆಗೆ ಸಣ್ಣೀರಮ್ಮ. ಅವಳು ತಟ್ಟಿದ ಹೋಳಿಗೆ ಎಷ್ಟು ತೆಳುವೆಂದರೆ, ಕಣ್ಣಿಗೆ ಹಿಡಿದರೆ ಎದುರು ಬೆಟ್ಟದ ಕುರಿ ಕಾಣುತ್ತಿತ್ತು.

ರಾಜನಿಗೆ ಊರ ಕೆರೆ ಸಮುದ್ರದಷ್ಟಾಗಬೇಕೆಂಬ ಹುಚ್ಚು. "ಏರಿ ಎತ್ತರಿಸೋಣ ಪ್ರಭು" ಅಂದ ಮಂತ್ರಿ. ಏರಿಗೆ ಒಂದು ಪದರ ಮಣ್ಣು ಬಿದ್ದರೆ ಮಂತ್ರಿಯ ಮನೆಗೆ ಒಂದು ಕಣಜ ಭತ್ತ. ಹಾಗೆಂದು ಅವನೇ ಕಟ್ಟಳೆ ಮಾಡಿಕೊಂಡಿದ್ದ.

ಮೊದಲನೆಯ ಪದರ ಬಿತ್ತು. ಮಳೆ ಬಂತು. ಸಣ್ಣೀರಮ್ಮ ಬಟ್ಟೆ ಒಗೆಯುವ ಕಲ್ಲು ಪೂರ್ತಿ ಮುಳುಗಿತು. ಅವಳು ಮೇಲಿನ ಕಲ್ಲಿಗೆ ಹೋದಳು.

ಎರಡನೆಯ ಪದರ ಬಿತ್ತು. ಮಳೆ ಬಂತು. ಮೇಲಿನ ಕಲ್ಲಿನ ಬುಡ ನೆನೆಯಿತು, ಅಷ್ಟೇ.

ಮೂರನೆಯ ಪದರ ಬಿತ್ತು. ಆಕಾಶವೇ ಹರಿದಂಗೆ ಮಳೆ ಬಂತು. ನೀರು ಮಾತ್ರ ಕಲ್ಲಿನ ಬುಡದಲ್ಲೇ ಇತ್ತು. ಎಳ್ಳಷ್ಟೂ ಏರಿರಲಿಲ್ಲ!

ಸಣ್ಣೀರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಸುತ್ತ ಕಣ್ಣು ಹಾಯಿಸಿದರೆ, ಆಚೆ ದಡದ ಎರಡು ಗುಡ್ಡಗಳ ನಡುವೆ ಊರಗಲದ ತಗ್ಗು. ಅಲ್ಲಿಂದ ನೀರು ಸದ್ದಿಲ್ಲದೆ ಹೊರಗೆ ಜಾರುತ್ತಿದೆ. ಈಚೆ ಏರಿಯನ್ನು ಮುಗಿಲಿಗೆ ಮುಟ್ಟಿಸಿದರೂ ಒಂದು ಬಿಂದಿಗೆ ನೀರು ಹೆಚ್ಚು ನಿಲ್ಲದು!

ಓಡಿಹೋಗಿ ಮಂತ್ರಿಗೆ ಹೇಳಿದಳು. "ನೀನು ಸಾರಿನ ಉಪ್ಪು ನೋಡ್ಕೊ ಹೋಗಮ್ಮ" ಅಂದ ಅವನು.

ಊರಲ್ಲಿ ಅಗೆಯಲು ಮಣ್ಣೇ ಉಳಿಯಲಿಲ್ಲ. ಹಿತ್ತಿಲುಗಳೆಲ್ಲ ಹೊಂಡ. ನಾಲ್ಕನೆಯ ಪದರಕ್ಕೆ ಮಂತ್ರಿಯ ಕಣ್ಣು ಮಣ್ಣಿನ ಗೋಡೆಗಳ ಮೇಲೆ ಬಿತ್ತು. ಮೊದಲನೆಯದು ಸಣ್ಣೀರಮ್ಮನ ಮನೆ. ಒಳಗೆ ಸೊಸೆ ಹಸಿ ಬಾಣಂತಿ.

"ಮಾಸ್ವಾಮಿ, ಕೂಸು ಎತ್ತಿಕೊಂಡು ಎಲ್ಲಿಗೆ ಹೋಗಲಿ?" ಅಂತ ಸಣ್ಣೀರಮ್ಮ ರಾಜನ ಕಾಲಿಗೆ ಬಿದ್ದಳು. ರಾಜನ ಮನಸ್ಸು ಕರಗಿತು. ಮಂತ್ರಿ ಬಿಡಬೇಕಲ್ಲ!

"ಇಷ್ಟು ಮಣ್ಣು ಹಾಕಿದ ಮೇಲೆ ಈಗ ನಿಲ್ಲಿಸಿದರೆ ಹಾಕಿದ್ದೆಲ್ಲ ದಂಡವಾಗಲ್ಲವೇ ಪ್ರಭು?"

ಹೌದಲ್ಲ ಅನ್ನಿಸಿತು ರಾಜನಿಗೆ. ಮರುದಿನ ಬೆಳಗ್ಗೆ ಗೋಡೆಗೆ ಗುದ್ದಲಿ ಅಂತ ನಿಶ್ಚಯವಾಯಿತು.

ಅಂದು ಮಧ್ಯಾಹ್ನ ಮೂರನೆಯ ಪದರ ಮುಗಿದ ಸಂತೋಷಕ್ಕೆ ಊಟ. ಆ ಅರಮನೆಯಲ್ಲೊಂದು ಪದ್ಧತಿ: ಬಡಿಸುವವರಿಗೆ 'ಸಾಕು' ಅನ್ನುವಂತಿಲ್ಲ, ಹಾಗೆ ಅಂದವರು ರಾಜನ ಮುಂದೆ ಕಾರಣ ಹೇಳಬೇಕು. ಸಣ್ಣೀರಮ್ಮ ಕಣ್ಣೊರೆಸಿಕೊಂಡು ಹೋಳಿಗೆ ತಟ್ಟೆ ಹಿಡಿದಳು.

ಮೊದಲನೆಯದು ಎಲೆಗೆ ಬಿತ್ತು. "ಆಹಾ, ಸ್ವರ್ಗ ಕಣಮ್ಮಾ!" ಅಂದ ಮಂತ್ರಿ. ಹತ್ತನೆಯದು ಬಿತ್ತು. "ಹ್ಞೂಂ, ಪರವಾಗಿಲ್ಲ" ಅಂದ. ಇಪ್ಪತ್ತನೆಯದು ಬಿತ್ತು. ಕಣ್ಣುಗುಡ್ಡೆಗಳು ಹೊರಗೆ ಬಂದವು. ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಯಾಕೆ ಬುದ್ಧಿ?" ಅಂದಳು ಸಣ್ಣೀರಮ್ಮ. "ಇಷ್ಟು ತಿಂದ ಮೇಲೆ ಈಗ ನಿಲ್ಲಿಸಿದರೆ ತಿಂದಿದ್ದೆಲ್ಲ ದಂಡವಾಗಲ್ವಾ?"

ರಾಜ ಗಹಗಹಿಸಿದ. "ನಿಮ್ಮದೇ ಮಾತು ಮಂತ್ರಿಗಳೇ! ತಿನ್ನಿ, ತಿನ್ನಿ!"

ತನ್ನ ಮಾತನ್ನೇ ಅಲ್ಲಗಳೆದರೆ ಕಣಜ ಹೋಗುತ್ತದೆ. ತಿಂದರೆ ಪ್ರಾಣ ಹೋಗುತ್ತದೆ. ಮಂತ್ರಿ ಇನ್ನೊಂದು ತುರುಕಿಕೊಂಡ. ಠಣ್! ನಡುಪಟ್ಟಿಯ ಬೆಳ್ಳಿ ಕೊಂಡಿ ಕಿತ್ತು, ಕಿಟಕಿಯಿಂದ ಹಾರಿ, ಆಕಾಶದ ಹದ್ದಿಗೆ ಬಡಿದು, ಹದ್ದು ದೊಪ್ಪನೆ ಅಂಗಳಕ್ಕೆ ಬಿತ್ತು! ಊಟಕ್ಕೆ ಕೂತವರ ತುತ್ತು ಬಾಯಲ್ಲೇ ನಿಂತಿತು.

"ತಿಂದದ್ದು ತಿಂದಾಯಿತು ಪ್ರಭು, ಅದರ ಮಾತು ಬಿಡಿ!" ಮಂತ್ರಿ ಅರಚಿದ. "ಇನ್ನೊಂದು ತಿಂದರೆ ನನಗೇನು ಬಂತು? ಹೊಟ್ಟೆ ಒಡೆಯುತ್ತೆ ಅಷ್ಟೇ!"

ಸಣ್ಣೀರಮ್ಮ ತಟ್ಟೆ ಕೆಳಗಿಟ್ಟಳು. "ಹಂಗೇ ಮಾಸ್ವಾಮಿ, ಹಾಕಿದ ಮಣ್ಣು ಹಾಕಾಯಿತು. ಇನ್ನು ನನ್ನ ಗೋಡೆಯ ಮಣ್ಣೂ ಹಾಕಿದರೆ ಕೆರೆಗೇನು ಬಂತು? ಬಂದು ನೋಡಿ."

ರಾಜ ಎಂಜಲ ಕೈಯಲ್ಲೇ ಎದ್ದು ಹೊರಟ. ಕಲ್ಲು ನೋಡಿದ, ತಗ್ಗು ನೋಡಿದ, ಆ ಎತ್ತರದ ಏರಿ ನೋಡಿದ. ಕುಕ್ಕರುಗಾಲಲ್ಲಿ ಕುಸಿದ. ಕಿರೀಟ ಜಾರಿ ನೀರಿಗೆ ಬಿದ್ದದ್ದೂ ತಿಳಿಯಲಿಲ್ಲ. "ಮೂರನೆಯ ಪದರಕ್ಕೆ ಒಂದು ಬೊಗಸೆ ನೀರೂ ಹೆಚ್ಚಲಿಲ್ಲವೇ! ಊರೆಲ್ಲ ಅಗೆಸಿಬಿಟ್ಟೆನಲ್ಲಾ!"

ಸಣ್ಣೀರಮ್ಮನ ಗೋಡೆ ಉಳಿಯಿತು. ಮಂತ್ರಿಯ ಕಣಜಗಳು ಊರಿಗೆ ಹಂಚಿಹೋದವು. ಮೂರನೆಯ ಪದರದ ಮಣ್ಣನ್ನು ಅವನೇ ತಲೆ ಮೇಲೆ ಹೊತ್ತು, ಹಿತ್ತಿಲ ಹೊಂಡಗಳನ್ನೆಲ್ಲ ಮುಚ್ಚಿದ. ತಿಂದ ಹೋಳಿಗೆ ಕರಗಲು ಅದೇ ಮದ್ದಾಯಿತು.

ಅದಕ್ಕೇ ಮಕ್ಕಳಾ, ಮಾಡಿ ಮುಗಿಸಿದ್ದನ್ನು ನೆನೆದು ಮುಂದಿನದಕ್ಕೆ ಕೈ ಹಾಕಬೇಡಿ. ಇನ್ನೊಂದು ಮಾಡಿದರೆ ಏನು ಬರುತ್ತೆ, ಏನು ಹೋಗುತ್ತೆ ಅಂತ ಅಷ್ಟನ್ನೇ ಕೇಳಿಕೊಳ್ಳಿ.

ಏನೋ ಅದು, ನನ್ನ ಮೀಸೆಯನ್ನೇ ಹಂಗೆ ನೋಡ್ತಿದ್ದೀರಿ? ಒಂದು ಕೂದಲು ಉದುರಿತಾ? ಸರಿ, ಒಪ್ಪಿಕೊಂಡೆ. ಅಂಗಳಕ್ಕೆ ಬಿದ್ದದ್ದು ಹದ್ದಲ್ಲ, ಕಾಗೆ.