ದ್ಯಾಮಿಯ ಹೂಂ

ಹೊಳೆದಂಡೆಯ ಮಠದಲ್ಲಿ ಮರುಳಯ್ಯ ಅಂತ ಗುರುಗಳು. ಅವರ ಬಳಿ ಅಡಿವೆಯ್ಯ ಅಂತ ಶಿಷ್ಯ. ಓದಿನಲ್ಲಿ ಚುರುಕು. ತೀರ್ಪು ಹೇಳುವುದರಲ್ಲಂತೂ ಅವನ ಸುದ್ದಿ ಬೇಡ, ವಿಷಯ ಕೇಳುವ ಮೊದಲೇ ಹೇಳಿಬಿಟ್ಟಿರುತ್ತಿದ್ದ.

ಒಂದು ಮುಂಜಾನೆ ಊರ ಗೌಡ ಮಠಕ್ಕೆ ದೂರು ತಂದ. ಹೊಳೆ ದಾಟಲು ಊರಿಗೆ ಇದ್ದದ್ದು ಒಂದೇ ಹರಿಗೋಲು. ದಂಡೆಯ ಗೂಟಕ್ಕೆ ಹಗ್ಗದಿಂದ ಕಟ್ಟಿದ್ದ ಅದು ರಾತ್ರಿ ಕೊಚ್ಚಿಹೋಗಿ ಬಂಡೆಗೆ ಬಡಿದು ಛಿದ್ರವಾಗಿತ್ತು. ಹಿಂದಿನ ಸಂಜೆ ಅದರ ಹತ್ತಿರ ಕಂಡಿದ್ದವಳು ದ್ಯಾಮಿ ಒಬ್ಬಳೇ. ಅಪ್ಪ ಅವ್ವ ಇಲ್ಲದ, ಅಜ್ಜಿ ಫಕೀರವ್ವನ ಮಡಿಲಲ್ಲಿ ಬೆಳೆದ ಏಳು ವರ್ಷದ ಕೂಸು.

ಊರಿನ ತಪ್ಪು-ಒಪ್ಪು ತೀರ್ಮಾನಿಸುವುದು ಮಠವೇ. ಗುರುಗಳಿಗೆ ಆ ದಿನ ಮೊಣಕಾಲು ನೋವು.

“ನೀನ ಹೋಗಿ ವಿಚಾರಿಸಿ ಬಾ” ಎಂದರು ಶಿಷ್ಯನಿಗೆ.

ಅಡಿವೆಯ್ಯ ಹೋದಷ್ಟೇ ಬೇಗ ತಿರುಗಿ ಬಂದ.

“ಮುಗೀತ್ರೀ ಅಪ್ಪಾರ. ಹುಡುಗಿ ಒಪ್ಪಿಕೊಂಡ್ಳು.”

“ಏನಂತ?”

“ಹಗ್ಗ ನೀನ ಬಿಚ್ಚಿದೇನು ಅಂತ ಕೇಳಿದೆ. ಹೂಂ ಅಂದ್ಳು.”

“ಅಷ್ಟ?”

“ಮತ್ತೇನು ಬೇಕ್ರೀ? ಇಡೀ ಊರು ಕೇಳೇತಿ. ಗೌಡ್ರು ಗಾಡಿ ಕಟ್ಟಸಾಕತ್ತಾರ. ಕೋಟೆಯ ಸೆರೆಮನಿಗೆ ಕಳಸ್ತಾರಂತ.”

“ಅಲ್ಲಿ ಮಕ್ಕಳಿಗೆ ಬ್ಯಾರೆ ಜಾಗ ಐತೇನು?”

ಅಡಿವೆಯ್ಯ ತಲೆ ಕೆರೆದುಕೊಂಡ. ಇದನ್ನು ಅವನು ಯೋಚಿಸಿರಲೇ ಇಲ್ಲ.

“ಇಲ್ರೀ. ಕಳ್ಳರು, ಕೊಲೆಗಡುಕರು, ಎಲ್ಲಾರೂ ಒಂದ ಕಡೆ.”

ಗುರುಗಳು ಊರುಗೋಲು ಎತ್ತಿಕೊಂಡು ಹೊರಟೇಬಿಟ್ಟರು. ಮೊಣಕಾಲಿನ ಮಾತು ಎತ್ತಲಿಲ್ಲ. ಶಿಷ್ಯ ಹಿಂದೆ ಹಿಂದೆ ಓಡಬೇಕಾಯಿತು.

ಗೌಡ ಕಟ್ಟೆಯ ಮೇಲೆ ಕುಳಿತಿದ್ದ. ಸುತ್ತ ಊರೇ ನೆರೆದಿತ್ತು. ನಡುವೆ ದ್ಯಾಮಿ ತಲೆ ತಗ್ಗಿಸಿ, ಕಾಲ್ಬೆರಳಿನಿಂದ ಮಣ್ಣು ಕೆದರುತ್ತ ನಿಂತಿದ್ದಳು. ಫಕೀರವ್ವನನ್ನು ದೂರದಲ್ಲೇ ತಡೆದಿದ್ದರು. ಗಾಡಿಗೆ ಎತ್ತು ಹೂಡಿಯಾಗಿತ್ತು.

“ತಂಗಿ,” ಎಂದರು ಗುರುಗಳು, “ನಿನ್ನೆ ನಮ್ಮ ಹೊಳಿ ಹಿಂದಕ್ಕ ಹರೀತೇನು?”

“ಹೂಂ.”

ಜನ ಮುಖ ಮುಖ ನೋಡಿಕೊಂಡರು.

“ಗೌಡ್ರ ಮೀಸಿ ನೀನ ಕತ್ತರಿಸಿದೇನು?”

“ಹೂಂ.”

ಗೌಡನ ಕೈ ತನಗೆ ತಾನೇ ಮೀಸೆಗೆ ಹೋಯಿತು.

“ಈ ಅಡಿವೆಯ್ಯನ್ನ ಹಡದಾಕಿ ನೀನ ಏನು?”

“ಹೂಂ.”

ಎಲ್ಲರೂ ಗೊಳ್ಳೆಂದು ನಕ್ಕರು. ಅಡಿವೆಯ್ಯ ಮಾತ್ರ ನಗಲಿಲ್ಲ. ತಾನು ಕೇಳಿದ್ದು ಇದೇ ಹೂಂ. ಇದೇ ದನಿ, ಇದೇ ತಗ್ಗಿಸಿದ ತಲೆ. ಅದನ್ನು ನಂಬಿ ಒಂದು ಕೂಸನ್ನು ಕಳ್ಳಕಾಕರ ನಡುವೆ ತಳ್ಳಲು ಹೊರಟಿದ್ದನಲ್ಲ, ಶಿವನೇ!

ದೂರದಿಂದ ಫಕೀರವ್ವ ಕೂಗಿಕೊಂಡಳು. “ಅಪ್ಪಾ, ದಿನಾ ಕಥಿ ಹೇಳಿ ಮಲಗಸ್ತೀನಿ. ಹಿರ್ಯಾರು ಹೇಳೂವಾಗ ಹೂಂಗುಟ್ಟಬೇಕು ಅಂತ ನಾನ ಕಲಿಸೀನಿ. ನನ್ನ ಕೂಸನ್ನ ನಾನ ಕೆಡಿಸಿದೆ!”

“ನೀ ಏನೂ ಕೆಡಿಸಿಲ್ಲವ್ವ. ಬಾ, ಅಕಿ ಹತ್ರ ಕೂಡು.”

ಗೌಡ ಹುಬ್ಬು ಗಂಟಿಕ್ಕಿದ. “ವಿಚಾರಣಿ ನಡದಾಗ ಮನಿಮಂದಿ ಯಾಕ್ರೀ?”

“ನಿನ್ನ ಕಡೆ ಇಡೀ ಊರೈತಿ, ಗೌಡ. ಅಕಿ ಕಡೆ ಒಬ್ಬರಾದ್ರೂ ಬ್ಯಾಡೇನು?”

ಫಕೀರವ್ವ ಬಂದು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಗುರುಗಳು ಜನರನ್ನೆಲ್ಲ ಮನೆಗೆ ಅಟ್ಟಿದರು. ಗೌಡನನ್ನು ಕಟ್ಟೆಯಿಂದ ಕೆಳಗಿಳಿಸಿದರು. ತಾವೂ ಮಣ್ಣಲ್ಲೇ ಕೂತರು.

“ಈಗ ನೀನ ಕೇಳು,” ಎಂದರು ಶಿಷ್ಯನಿಗೆ. “ಆದರ ಹೂಂ ಅಂತ ಉತ್ತರ ಬರೂವಂಥಾದ್ದು ಕೇಳಬ್ಯಾಡ.”

ಅಷ್ಟು ಶಾಸ್ತ್ರ ಓದಿದ ಅಡಿವೆಯ್ಯನಿಗೆ ಒಂದು ಪ್ರಶ್ನೆ ಹೊಳೆಯಲೊಲ್ಲದು.

“ನಿನ್ನೆ... ಹೊಳಿ ಹತ್ರ ಏನೇನು ನೋಡಿದಿ, ತಂಗಿ?”

ದ್ಯಾಮಿ ಮಾತಾಡಲಿಲ್ಲ. ಅವನು ಮತ್ತೆ ಕೇಳಲು ಹೊರಟ. ಗುರುಗಳು ಅವನ ತೊಡೆ ಚಿವುಟಿದರು. ಅವನು ನೋವು ನುಂಗಿಕೊಂಡು ಸುಮ್ಮನೆ ಕೂತ.

ಎಷ್ಟೋ ಹೊತ್ತಿನ ಮೇಲೆ ದ್ಯಾಮಿ ಅಜ್ಜಿಯ ಸೆರಗಿನೊಳಗಿಂದ ಮುಖ ತೆಗೆದಳು.

“ಹೋತ” ಎಂದಳು.

“ಯಾವ ಹೋತ?”

“ದ್ಯಾವ್ರ ಹೋತ. ಹಗ್ಗ ತಿನ್ನಾಕತ್ತಿತ್ತು. ನಾ ಹುಶ್ ಅಂದೆ. ಹಾಯಾಕ ಬಂತು. ಓಡಿ ಬಂದೆ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ದ್ಯಾವ್ರ ಹೋತಕ್ಕ ಏನೂ ಅನಬಾರದಂತ.”

ಅದು ಗೌಡನೇ ದೇವಿಗೆಂದು ಹರಕೆ ಹೊತ್ತು ಬಿಟ್ಟಿದ್ದ ಹೋತ. ಯಾರ ಹೊಲ ಮೇಯ್ದರೂ ಹೊಡೆಯುವವರಿಲ್ಲದೆ ಕೊಬ್ಬಿತ್ತು.

ಐವರೂ, ಹಿಂದೆ ಗಾಡಿಯವರೂ, ದಂಡೆಗೆ ಹೋದರು. ಗೂಟದಲ್ಲಿ ಗಂಟು ಬಿಚ್ಚದೆ ಹಾಗೇ ಇತ್ತು. ಮೊಳದುದ್ದದ ಹಗ್ಗ ಜೋತಾಡುತ್ತಿತ್ತು, ಅದರ ತುದಿಯನ್ನು ಹೋತ ಜಗಿದು ಜಗಿದು ನಾರು ನಾರು ಮಾಡಿತ್ತು. ಮುಂಜಾನೆಯಿಂದ ಒಬ್ಬನಾದರೂ ಆ ಗೂಟದ ಕಡೆ ಕಣ್ಣು ಹಾಯಿಸಿದ್ದರೆ ಕೇಳಿ! ನೋಡುವುದಾದರೂ ಯಾಕೆ, ಹುಡುಗಿ ಹೂಂ ಅಂದಿದ್ದಳಲ್ಲ.

ಗೌಡ ತಲೆಯ ಮೇಲಿನ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ.

“ನನ್ನ ಹೋತ. ಹರಿಗೋಲು ನಾನ ಮಾಡಿಸಿಕೊಡ್ತೀನಿ. ಎತ್ತು ಬಿಚ್ಚರೋ!”

ಫಕೀರವ್ವ ಅಳುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ದ್ಯಾಮಿ ಗೌಡನ ಧೋತರ ಹಿಡಿದು ಜಗ್ಗಿದಳು.

“ಹೋತನ್ನ ಕೋಟೆಗೆ ಕಳಸ್ತೀರೇನು?”

“ಇಲ್ಲ ನನ್ನವ್ವಾ, ಯಾರನ್ನೂ ಕಳಸಂಗಿಲ್ಲ” ಎಂದ ಗೌಡ.

ಗುರು ಶಿಷ್ಯರು ದಂಡೆಗುಂಟ ಮಠದ ಕಡೆ ನಡೆದರು. ಅಡಿವೆಯ್ಯನಿಗೆ ಹೋದ ಜೀವ ಬಂದ ಹಾಗಾಗಿತ್ತು. ಸದ್ಯ, ಗಾಡಿ ಹೊರಡಲಿಲ್ಲ. ಕೂಸು ಅಜ್ಜಿಯ ಹತ್ತಿರ ಉಳಿಯಿತು. ಅಷ್ಟು ಹಗುರಾದ ಮೇಲೂ ಒಂದು ಅನುಮಾನ ಮಾತ್ರ ಅವನನ್ನು ಕೊರೆಯುತ್ತಲೇ ಇತ್ತು.

“ಅಪ್ಪಾರ, ಹೋತ ತಿಂದಿತ್ತು, ಚಲೋ ಆತು. ಖರೇನ ಆ ಹುಡುಗೀನ ಹಗ್ಗ ಬಿಚ್ಚಿದ್ದರ?”

ಗುರುಗಳು ಊರುಗೋಲೂರಿ ನಿಂತರು.

“ಹಂಗಿದ್ರ ಇನ್ನೂ ಮೆತ್ತಗ ಕೇಳಬೇಕಿತ್ತು, ತಮ್ಮಾ.”