ಎದುರು ಮನೆಯ ಚಾನೆಲ್

ಹರಿಹರದ ಒಂದೇ ಓಣಿಯಲ್ಲಿ ಇಬ್ಬರು ಹೊಲಿಗೆ ಹೆಂಗಸರಿದ್ದರು. ಚಂಪಾವತಿ ಹಿರಿಯಳು, ಎದುರು ಮನೆಯ ಪಾರಿಜಾತ ಕಿರಿಯಳು. 'ನೋಟದಂಗಡಿ' ಎಂಬ ವಿಡಿಯೊ ಆ್ಯಪ್ ಹೊಸದಾಗಿ ಬಂದಾಗ ಅದರಲ್ಲಿ ಮೊದಲು ಬ್ಲೌಸ್ ಕಟಿಂಗ್ ಪಾಠ ಹಾಕಿದವಳು ಚಂಪಾವತಿಯೇ. ಆಗ ಆ್ಯಪಿನವರಿಗೆ ಜನ ಬೇಕಾಗಿತ್ತು. ಅವಳು ಏನು ಹಾಕಿದರೂ "ಭೇಷ್ ಟೀಚರ್" ಎಂದು ಸಂದೇಶ ಕಳಿಸಿ ಮೊದಲ ಪುಟದಲ್ಲಿ ತೋರಿಸುತ್ತಿದ್ದರು. ಅದನ್ನು ನೋಡಿಯೇ ಪಾರಿಜಾತಳೂ ಚಾನೆಲ್ ಶುರು ಮಾಡಿದಳು.

ಆ್ಯಪ್ ಬೆಳೆಯಿತು. ವಿಡಿಯೊ ಹಾಕುವವರು ಸಾವಿರಾರು ಮಂದಿಯಾದರು, ಮೊದಲ ಪುಟ ಮಾತ್ರ ಒಂದೇ ಉಳಿಯಿತು. ಒಂದು ಬೆಳಿಗ್ಗೆ ಚಂಪಾವತಿ ತೆರೆದು ನೋಡಿದರೆ ಅಲ್ಲಿ ಪಾರಿಜಾತಳ ಮುಖ! ಬಾಯಲ್ಲಿದ್ದ ಕಾಫಿ ಕಹಿಯಾಯಿತು.

"ಸೂಜಿಗೆ ದಾರ ಪೋಣಿಸೋದನ್ನ ನಾನು ಹೇಳಿಕೊಟ್ಟೆ. ಈಗ ಇವಳು ಟೀಚರಂತೆ!"

ಅದೇ ವಾರ ಆ್ಯಪಿನವರು ಒಂದು ಪ್ರಕಟಣೆ ಹಾಕಿದರು. ಜಿಲ್ಲೆಗೆ ಒಬ್ಬರೇ ಹೊಲಿಗೆ ಟೀಚರನ್ನು ಆರಿಸಿ ವರ್ಷವಿಡೀ ಮೊದಲ ಪುಟದಲ್ಲಿ ಇಡುತ್ತಾರೆ. ಆರು ವಾರ, ವಾರಕ್ಕೊಂದು ಪಾಠ ಹಾಕಬೇಕು, ಜನ ಹೆಚ್ಚು ಹೊತ್ತು ನೋಡಬೇಕು, ಅಷ್ಟೇ. ಹೋದ ಜಾಗ ಮರಳಿ ಪಡೆಯಲು ಚಂಪಾವತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ.

ಆದರೆ ಅವಳು ಕತ್ತರಿ ಹಿಡಿಯಲಿಲ್ಲ, ಫೋನ್ ಹಿಡಿದಳು. ಪಾರಿಜಾತಳ ಒಂದೊಂದು ಪಾಠವನ್ನೂ ಹತ್ತು ಸಲ ನೋಡಿದಳು. ನಿಲ್ಲಿಸಿ, ಹಿಂದಕ್ಕೆ ಎಳೆದು, ಪರದೆಯ ಮೇಲೇ ಟೇಪು ಇಟ್ಟು ನೋಡಿದಳು. ಕೊನೆಗೂ ಒಂದು ತಪ್ಪು ಸಿಕ್ಕಿತು. ಕೂಡಲೇ ಕೆಳಗೆ ಬರೆದಳು: "ಬಗಲಿನ ಅಳತೆ ಅರ್ಧ ಇಂಚು ಕಮ್ಮಿ. ಇವಳು ಹೊಲಿದ ಬ್ಲೌಸ್ ತೊಟ್ಟರೆ ಕೈಯೆತ್ತಿ ಬಸ್ಸೂ ನಿಲ್ಲಿಸಲಾಗದು."

ಪಾರಿಜಾತಳ ಕಡೆಯವರು ಸುಮ್ಮನಿರುತ್ತಾರೆಯೇ? ನೂರು ಜನ ಬೈದರು, ನೂರು ಜನ ನಕ್ಕರು. ಜಗಳ ನೋಡಲು ಬಂದವರು ಪಾಠವನ್ನೂ ನೋಡಿದರು. ಪಾರಿಜಾತ ಮಾತ್ರ ಜಗಳಕ್ಕೆ ಬರಲಿಲ್ಲ. ಮುಂದಿನ ಪಾಠದಲ್ಲಿ, "ಚಂಪಕ್ಕ ಹೇಳಿದ್ದು ಸರಿ, ಅಳತೆ ತಿದ್ದಿಕೊಂಡಿದ್ದೀನಿ" ಎಂದು ನಗುತ್ತ ಹೇಳಿದಳು. ಆ ನಗು ಕಂಡು ಚಂಪಾವತಿಗೆ ಮೈಯೆಲ್ಲ ಉರಿ.

"ಏನೇ, ನಿನ್ನ ಪಾಠ ಎಲ್ಲಿ? ಕತ್ತರಿಸಬೇಕಿದ್ದ ಲೈನಿಂಗ್ ಮೇಲೆ ಬೆಕ್ಕು ಮಲಗಿದೆ," ಎಂದ ಗಂಡ.

"ಮೊದಲು ಅವಳನ್ನ ಇಳಿಸ್ತೀನಿ ಕಣ್ರೀ. ಆಮೇಲೆ ನಂದು."

ಹೀಗೇ ಆರು ವಾರ ಕಳೆಯಿತು. ಏಳನೇ ವಾರ ಅವಳ ಫೋನಿಗೆ ಎರಡು ಸಂದೇಶ ಒಟ್ಟಿಗೆ ಬಂದವು. ಮೊದಲನೆಯದು: "ಆರು ವಾರ ಪಾಠ ಹಾಕದ ಕಾರಣ ನಿಮ್ಮ ಹೆಸರನ್ನು ಜಿಲ್ಲಾ ಟೀಚರ್ ಆಯ್ಕೆಯ ಪಟ್ಟಿಯಿಂದ ತೆಗೆದಿದ್ದೇವೆ."

ಎರಡನೆಯದಕ್ಕೆ ಹೂವಿನ ಚಿತ್ರ ಬೇರೆ ಅಂಟಿಸಿದ್ದರು: "ಅಭಿನಂದನೆಗಳು! ನಿಮ್ಮ ಅಚ್ಚುಮೆಚ್ಚಿನ ಪಾರಿಜಾತ ಟೀಚರ್ ಜಿಲ್ಲೆಗೆ ಆಯ್ಕೆಯಾಗಿದ್ದಾರೆ. ಅವರನ್ನು ಅತಿ ಹೆಚ್ಚು ಹೊತ್ತು ನೋಡಿ, ಅತಿ ಹೆಚ್ಚು ಮಾತು ಬರೆದು ಗೆಲ್ಲಿಸಿದ ಅಭಿಮಾನಿ ನೀವೇ!"

ನೀತಿ: ನೋಡಿದ್ದು ಪ್ರೀತಿಯಿಂದಲೋ ಹೊಟ್ಟೆಕಿಚ್ಚಿನಿಂದಲೋ ಎಂದು ಆ್ಯಪ್ ಕೇಳುವುದಿಲ್ಲ, ಎಷ್ಟು ಹೊತ್ತು ನೋಡಿದಿರಿ ಎಂದಷ್ಟೇ ಎಣಿಸುತ್ತದೆ. ಇನ್ನೊಬ್ಬರನ್ನು ಇಳಿಸಲು ಕೂತವರು ಅವರಿಗೇ ಸಂಬಳವಿಲ್ಲದ ಆಳಾಗುತ್ತಾರೆ. ಆ ಹೊತ್ತನ್ನು ನಿಮ್ಮ ಕೆಲಸಕ್ಕೆ ಕೊಡಿ.