ಆರನೆಯ ಜಾಗ

"ಗುರುಗಳೇ, ರಾಜಧಾನಿಯ ವೈದ್ಯಶಾಲೆಗೆ ಸೇರಲು ಬಂದವನು ಅದಕ್ಕೆ ಮೊದಲು ಎಲ್ಲಿ ಓದಿದ್ದ ಎಂಬುದನ್ನು ಅಲ್ಲಿ ನೋಡುತ್ತಾರೆಯೇ?"

ಕೇಳಿದವನು ಸಂಗಯ್ಯ. ಗುರುಗಳ ಚಿಕ್ಕ ಮಠದಲ್ಲಿ ಅವನು ಮೂರು ವರ್ಷ ಓದಿದ್ದ. ವೈದ್ಯನಾಗಬೇಕೆಂಬುದು ಅವನ ಆಸೆ. ಇನ್ನೂ ಎರಡು ವರ್ಷದ ಓದು ಉಳಿದಿರುವಾಗಲೇ ಪಟ್ಟಣದ ದೊಡ್ಡ ಪಾಠಶಾಲೆಗೆ ಹೋಗಿಬಿಡಬೇಕೆಂದು ನಿಶ್ಚಯಿಸಿದ್ದ. ಅಪ್ಪಣೆ ಬೇಡಲು ಬಾಯಿ ಬರಲಿಲ್ಲ. ಅದಕ್ಕೇ ಪ್ರಶ್ನೆ ಕೇಳಿದ.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಹಳ್ಳಿಯಲ್ಲಿ ಒಬ್ಬ ಉಪಾಧ್ಯಾಯರಿದ್ದರು. ದನದ ಕೊಟ್ಟಿಗೆಗೆ ಒತ್ತಿಕೊಂಡಿದ್ದ ಜಗಲಿಯೇ ಅವರ ಪಾಠಶಾಲೆ. ಶಿಷ್ಯರು ಹನ್ನೊಂದು ಮಂದಿ. ಅವರಲ್ಲಿ ಒಬ್ಬ ಕುಂಬಾರನ ಮಗ. ಐದು ವರ್ಷ ಓದಿ, ವ್ಯಾಕರಣ, ಗಣಿತ, ಗಿಡಮೂಲಿಕೆಗಳ ಗುಣ ಎಲ್ಲ ಕಲಿತ ಮೇಲೆ ಅವನು ವೈದ್ಯಶಾಲೆಗೆ ಹೋಗುತ್ತೇನೆಂದ. ಉಪಾಧ್ಯಾಯರು ತಾಳೆಗರಿಯ ಒಂದು ಓಲೆ ಬರೆದು, ದಾರ ಸುತ್ತಿ, ಅರಗಿನ ಮುದ್ರೆ ಒತ್ತಿ ಅವನ ಕೈಗಿಟ್ಟರು.

"ಅಲ್ಲಿಯ ಹಿರಿಯ ವೈದ್ಯರ ಕೈಗೇ ಕೊಡು. ದಾರಿಯಲ್ಲಿ ಬಿಚ್ಚಬೇಡ" ಎಂದರು.

ವೈದ್ಯಶಾಲೆಯಲ್ಲಿ ವರ್ಷಕ್ಕೆ ಆರೇ ಜಾಗ. ಬರುವವರು ಇನ್ನೂರು ಮಂದಿ. ಓದಿಸಿದವರ ಓಲೆ ಇಲ್ಲದೆ ಬಂದವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು.

ರಾಜಧಾನಿಗೆ ನಾಲ್ಕು ದಿನದ ದಾರಿ. ಮೂರನೆಯ ದಿನ ಹೊಳೆ ದಾಟುವಲ್ಲಿ ಪಟ್ಟಣದ ದೊಡ್ಡ ಪಾಠಶಾಲೆಯ ವಿದ್ಯಾರ್ಥಿಗಳು ಸಿಕ್ಕರು. ಅವರೂ ಅಲ್ಲಿಗೇ ಹೊರಟವರು. ಹರಿಗೋಲು ಆಚೆ ದಡದಲ್ಲಿತ್ತು. ಎಲ್ಲರೂ ಕಾಯುತ್ತ ಕುಳಿತರು.

"ನಿನ್ನದು ಯಾವ ಶಾಲೆಯಯ್ಯಾ?" ಎಂದು ಒಬ್ಬ ಕೇಳಿದ.

ಅವನು ಹೇಳಿದ.

"ಕೊಟ್ಟಿಗೆಯ ಜಗಲಿಯೋ! ಪಾಠ ಒಪ್ಪಿಸುವಾಗ ಎಮ್ಮೆಗಳದ್ದು ಮೊದಲೋ, ನಿಮ್ಮದು ಮೊದಲೋ?"

"ಎಮ್ಮೆಗಳದ್ದೇ. ಅವು ಉಚ್ಚಾರ ತಪ್ಪುತ್ತಿರಲಿಲ್ಲ" ಎಂದ ಕುಂಬಾರನ ಮಗ.

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಮುಳ್ಳು ಒಳಗೆ ಹೊಕ್ಕಾಗಿತ್ತು.

ಅವರು ತಮ್ಮ ಓಲೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಎಲ್ಲದರಲ್ಲೂ ಒಂದೇ ಒಕ್ಕಣೆ. ಇವನು ಸುಶೀಲ, ಸೂಕ್ಷ್ಮಬುದ್ಧಿಯವನು, ಇವನಲ್ಲಿ ದೋಷವಿಲ್ಲ ಎಂದಿತ್ತು. ತನ್ನ ಉಪಾಧ್ಯಾಯರು ಇದಕ್ಕಿಂತ ಹೆಚ್ಚಾಗಿ ಏನು ಬರೆದಿರಬಹುದು ಎಂದು ಕುಂಬಾರನ ಮಗನಿಗೆ ಅನ್ನಿಸಿತು. ನೀರು ಕುಡಿಯುವ ನೆಪದಿಂದ ಹೊಳೆಯ ಅಂಚಿಗೆ ಹೋದ. ಮುದ್ರೆ ಒಡೆದು ಓದಿದ.

"ಇವನ ಕೈಯಲ್ಲಿ ಒಂದು ಕರು ಸತ್ತಿದೆ. ತೂಕ ನೋಡದೆ ಮದ್ದು ಕುಡಿಸಿದ."

ಇದ್ದದ್ದು ಅಷ್ಟೇ. ಕೆಳಗೆ ಉಪಾಧ್ಯಾಯರ ಅಂಕಿತ.

ಸಂಗತಿ ನಿಜವೇ. ಎರಡು ವರ್ಷದ ಹಿಂದೆ ಹಾಗಾಗಿತ್ತು. ರೋಗದಿಂದ ಸತ್ತಿತೆಂದು ಕರುವಿನ ಒಡೆಯ ಸುಮ್ಮನಾಗಿದ್ದ. ಯಾರಿಗೂ ಗೊತ್ತಿರಲಿಲ್ಲ. ತಾನಾಗಿಯೇ ಹೋಗಿ ಉಪಾಧ್ಯಾಯರ ಮುಂದೆ ಅತ್ತು ಹೇಳಿಕೊಂಡಿದ್ದ. ಅವರು ಅಂದು ಬೈದಿರಲಿಲ್ಲ. ಈಗ ಅದನ್ನೇ ಬರೆದು ಕೊಟ್ಟಿದ್ದಾರೆ. ಐದು ವರ್ಷದ ಓದಿನಲ್ಲಿ ಅವರಿಗೆ ನೆನಪಿಗೆ ಬಂದದ್ದು ಇದೊಂದೇ! ನಂಬಿ ಹೇಳಿದ ಮಾತು ಕೊರಳಿಗೆ ಉರುಲಾಯಿತಲ್ಲ ಎಂದುಕೊಂಡ. ಓಲೆಯನ್ನು ಮುರಿದು ಹೊಳೆಗೆ ಎಸೆದ.

ದಡಕ್ಕೆ ಬಂದವನ ಮುಖ ನೋಡಿ, ಮೊದಲು ಗೇಲಿ ಮಾಡಿದ್ದ ವಿದ್ಯಾರ್ಥಿ, "ಏನಾಯಿತೋ?" ಎಂದ.

"ಓಲೆ ನೀರಿಗೆ ಬಿತ್ತು."

"ಅಷ್ಟೇ ತಾನೆ? ನಮ್ಮವನೊಬ್ಬ ಜ್ವರ ಬಂದು ನಿನ್ನೆ ಹಿಂತಿರುಗಿದ. ಅವನದು ನನ್ನ ಹತ್ತಿರವೇ ಇದೆ. ನಮ್ಮಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೇ ಬರೆದಿಟ್ಟಿರುತ್ತಾರೆ, ಅವನು ಇನ್ನೂ ತುಂಬಿರಲಿಲ್ಲ. ನಿನ್ನ ಹೆಸರು ಕೊರೆದುಕೊ. ಎಮ್ಮೆಗಳ ಸಹವಾಸ ಇವತ್ತಿಗೆ ಮುಗಿಯಿತು!"

ಅವನು ತನ್ನ ಹೆಸರು ಕೊರೆದುಕೊಂಡ.

ವೈದ್ಯಶಾಲೆಯಲ್ಲಿ ಮೂರು ದಿನ ಪರೀಕ್ಷೆ ನಡೆಯಿತು. ಕುಂಬಾರನ ಮಗ ನಾಡಿ ಹಿಡಿದು ಹೇಳಿದ್ದು ತಪ್ಪಲಿಲ್ಲ. ಬೇರನ್ನು ಮೂಸಿ ನೋಡಿಯೇ ಗಿಡದ ಹೆಸರು ಹೇಳಿದ. ಮುಂದೆ ತಕ್ಕಡಿ ಇಟ್ಟಾಗ ಒಂದು ಸಲ ತೂಗಿದ್ದನ್ನು ಇಳಿಸಿ ಮತ್ತೊಮ್ಮೆ ತೂಗಿದ. ಹಾಗೆ ಮಾಡಿದವನು ಅವನೊಬ್ಬನೇ. ಹಿರಿಯ ವೈದ್ಯರು ಅದನ್ನು ಕಂಡರು.

ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಐವರ ಹೆಸರು ಕರೆದರು. ಇಬ್ಬರು ದೊಡ್ಡ ಪಾಠಶಾಲೆಯವರು. ಕುಂಬಾರನ ಮಗನ ಹೆಸರು ಬರಲಿಲ್ಲ. ಆರನೆಯದು ತನ್ನದೇ ಇರಬೇಕೆಂದು ಅವನು ಕಾದು ನಿಂತ.

ಹಿರಿಯ ವೈದ್ಯರು ಹೇಳಿದರು: "ಆರನೆಯ ಜಾಗವನ್ನು ಒಬ್ಬನಿಗಾಗಿ ಇಟ್ಟಿದ್ದೇನೆ. ಅವನ ಹೆಸರು ನನಗೆ ಗೊತ್ತಿಲ್ಲ. ಒಂದು ಹಳ್ಳಿಯ ಕೊಟ್ಟಿಗೆಯ ಜಗಲಿಯಲ್ಲಿ ಓದಿದವನು. ಅಲ್ಲಿಯ ಉಪಾಧ್ಯಾಯರು ಮೂವತ್ತು ವರ್ಷದಲ್ಲಿ ಮೂವರನ್ನು ಮಾತ್ರ ನನ್ನಲ್ಲಿಗೆ ಕಳಿಸಿದ್ದಾರೆ. ಅವರ ಓಲೆಯಲ್ಲಿ ಹೊಗಳಿಕೆ ಇರುವುದಿಲ್ಲ, ಒಂದು ತಪ್ಪು ಇರುತ್ತದೆ. ಶಿಷ್ಯ ತಾನಾಗಿ ಬಂದು ಒಪ್ಪಿಕೊಂಡ ತಪ್ಪನ್ನಲ್ಲದೆ ಬೇರೆ ಏನನ್ನೂ ಅವರು ಬರೆಯುವುದಿಲ್ಲ. ಕೈಯಲ್ಲಿ ರೋಗಿ ಸತ್ತಾಗ ನಿಜ ಹೇಳುವವನು ಯಾರು ಎಂಬುದು ನನ್ನ ಮೂರು ದಿನದ ಪರೀಕ್ಷೆಗೆ ಸಿಕ್ಕುವುದಿಲ್ಲ, ಆ ಓಲೆಗೆ ಸಿಕ್ಕುತ್ತದೆ. ಈ ವರ್ಷ ಒಬ್ಬ ಬರುತ್ತಾನೆಂದು ಹೇಳಿಕಳಿಸಿದ್ದರು. ಅವರ ಓಲೆ ಇನ್ನೂ ನನ್ನ ಕೈ ಸೇರಿಲ್ಲ. ಅವನು ಬಂದಿದ್ದಾನೆಯೇ?"

ಹಿರಿಯ ವೈದ್ಯರು ಎರಡನೆಯ ಸಲ ಕೇಳಿದರು. ಕುಂಬಾರನ ಮಗ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಅವನು ನಾನೇ. ನನ್ನ ಕೈಯಲ್ಲಿ ಒಂದು ಕರು ಸತ್ತಿತ್ತು" ಎಂದ.

ಹಿರಿಯ ವೈದ್ಯರು ಅವನ ಹೆಸರು ಕೇಳಿದರು. ಓಲೆಗಳ ಕಟ್ಟಿನಿಂದ ಅವನದನ್ನು ಹುಡುಕಿ ತೆಗೆದರು. ದೊಡ್ಡ ಪಾಠಶಾಲೆಯ ಓಲೆ. ಇವನಲ್ಲಿ ದೋಷವಿಲ್ಲ ಎಂದು ಬರೆದಿತ್ತು. ಅದನ್ನು ಅವನ ಮುಂದೆ ಹಿಡಿದರು.

"ಇದೂ ನಿನ್ನ ಕೈಯಿಂದಲೇ ಬಂದದ್ದು. ಎರಡರಲ್ಲಿ ಯಾವುದನ್ನು ನಂಬಲಿ, ತಮ್ಮಾ?"

ಆ ವರ್ಷ ವೈದ್ಯಶಾಲೆಯಲ್ಲಿ ಐವರೇ ಓದಿದರು.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ಬೆಚ್ಚಿ ಅವರ ಮುಖ ನೋಡಿದ.

"ಅಷ್ಟು ಕಲಿತವನನ್ನೂ ಬಿಟ್ಟರೇ? ಕೈಯಲ್ಲಿ ದೊಡ್ಡ ಶಾಲೆಯ ಓಲೆಯೇ ಇತ್ತಲ್ಲ! ಹಾಗಾದರೆ ಓದಿದ ಶಾಲೆಯ ಹೆಸರಿಗೆ ಅಲ್ಲಿ ಬೆಲೆಯೇ ಇರಲಿಲ್ಲವೇ, ಗುರುಗಳೇ?"

"ಇತ್ತಪ್ಪಾ, ಅವನು ಹೊಳೆಗೆ ಎಸೆದದ್ದು ಅದನ್ನೇ."